ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಧ್ವನಿ ಬರುತ್ತಿಲ್ಲವೇ, ತಡವಾಗುತ್ತಿದೆಯೇ? ಹೊಸ ಸೌಂಡ್ ಕಾರ್ಡ್ ಕೊಳ್ಳುವ ಮುನ್ನ ಇಷ್ಟು ಪರೀಕ್ಷಿಸಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11 ಹಾಕಲಾಗದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಒಂದು ಉಚಿತ ದಾರಿ. ಆದರೆ ಲಿನಕ್ಸ್ ಹಾಕಿದ ಮೇಲೆ ಕೆಲವೊಮ್ಮೆ ಧ್ವನಿ ಕೈಕೊಡುತ್ತದೆ. ಪುಣೆ ಬಳಿಯ ದೇಹೂ ರೋಡ್‌ನಲ್ಲಿದ್ದುಕೊಂಡು ಧಾರವಾಡದ ಗುರುಗಳಿಂದ ಆನ್‌ಲೈನ್‌ನಲ್ಲಿ ಸಂಗೀತ ಕಲಿಯುವವರಿಗೆ, ಮನೆಯಲ್ಲೇ ಭಜನೆ ರೆಕಾರ್ಡ್ ಮಾಡುವವರಿಗೆ ಇದು ದೊಡ್ಡ ತಲೆನೋವು. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಯಂತ್ರದ್ದಲ್ಲ, ಸೆಟ್ಟಿಂಗ್‌ನದ್ದು.

ಧ್ವನಿ ಸಾಗುವ ದಾರಿ

ಲಿನಕ್ಸ್‌ನಲ್ಲಿ ಧ್ವನಿಗೆ ಎರಡು ಮುಖ್ಯ ಪದರಗಳಿವೆ. ಕೆಳಗಿರುವುದು ಆಲ್ಸಾ. ಇದು ಕರ್ನಲ್‌ನೊಳಗಿನ ಡ್ರೈವರ್‌ಗಳ ವ್ಯವಸ್ಥೆ. ಅದರ ಮೇಲೆ ಪೈಪ್‌ವೈರ್ ಎಂಬ ತಂತ್ರಾಂಶ ಎಲ್ಲ ಆ್ಯಪ್‌ಗಳ ಧ್ವನಿಯನ್ನು ಕೂಡಿಸಿ ಕಳುಹಿಸುತ್ತದೆ. 2021ರಲ್ಲಿ ಫೆಡೋರಾ 34, 2022ರಲ್ಲಿ ಉಬುಂಟು 22.10 ಮತ್ತು 2024ರಲ್ಲಿ ಲಿನಕ್ಸ್ ಮಿಂಟ್ 22 ಇದನ್ನು ಡೀಫಾಲ್ಟ್ ಆಗಿ ಅಳವಡಿಸಿಕೊಂಡವು. ಧ್ವನಿ ಬಾರದಿರುವುದು ಮತ್ತು ತಡವಾಗಿ ಬರುವುದು ಬೇರೆ ಬೇರೆ ಸಮಸ್ಯೆಗಳು. ಎರಡಕ್ಕೂ ಒಂದೇ ಮದ್ದು ಇಲ್ಲ.

ಧ್ವನಿಯೇ ಬಾರದಿದ್ದರೆ

1. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಔಟ್‌ಪುಟ್ ಯಾವುದೆಂದು ನೋಡಿ. ಸ್ಪೀಕರ್ ಬದಲು ಎಚ್‌ಡಿಎಂಐ ಆಯ್ಕೆಯಾಗಿರಬಹುದು.

2. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ಕಾರ್ಡ್ ಆಯ್ಕೆ ಮಾಡಿ. ಪಟ್ಟಿಯ ಕೆಳಗೆ 'ಎಂಎಂ' ಎಂದಿದ್ದರೆ ಅದು ಮ್ಯೂಟ್ ಆಗಿದೆ ಎಂದರ್ಥ. 'ಎಂ' ಕೀಲಿ ಒತ್ತಿದರೆ ತೆರೆದುಕೊಳ್ಳುತ್ತದೆ.

3. 'ಡಮ್ಮಿ ಔಟ್‌ಪುಟ್' ಎಂದು ಮಾತ್ರ ಕಾಣಿಸಿದರೆ, ಪೈಪ್‌ವೈರ್‌ಗೆ ಕಾರ್ಡ್ ಸಿಕ್ಕಿಲ್ಲ. ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ. ಇಂಟೆಲ್ ಚಿಪ್‌ನ ಇತ್ತೀಚಿನ ಹಲವು ಲ್ಯಾಪ್‌ಟಾಪ್‌ಗಳಿಗೆ 'ಸೌಂಡ್ ಓಪನ್ ಫರ್ಮ್‌ವೇರ್' ಎಂಬ ಪ್ಯಾಕೇಜ್ ಪ್ರತ್ಯೇಕವಾಗಿ ಬೇಕು. ಅದು ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡಿ.

4. ಆಗಲೂ ಆಗದಿದ್ದರೆ ಹೊಸ ಆವೃತ್ತಿಯ ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿ. ಅಲ್ಲಿ ಧ್ವನಿ ಬಂದರೆ ಹಾರ್ಡ್‌ವೇರ್ ಚೆನ್ನಾಗಿದೆ. ಕರ್ನಲ್ ಮತ್ತು ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ಸಾಕಾಗಬಹುದು.

ಧ್ವನಿ ತಡವಾಗುತ್ತಿದ್ದರೆ

ಕಂಪ್ಯೂಟರ್ ಧ್ವನಿಯನ್ನು ಸಣ್ಣ ಕಂತುಗಳಾಗಿ ಕಳುಹಿಸುತ್ತದೆ. ಈ ಕಂತಿಗೆ ಬಫರ್ ಎನ್ನುತ್ತಾರೆ. ಪೈಪ್‌ವೈರ್ ಭಾಷೆಯಲ್ಲಿ ಕ್ವಾಂಟಮ್. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 1024ರ ಬಫರ್ ಎಂದರೆ ಸುಮಾರು 21 ಮಿಲಿಸೆಕೆಂಡ್, 256 ಎಂದರೆ 5.3, 128 ಎಂದರೆ 2.7. ಮೈಕ್‌ನಿಂದ ಒಳಬಂದು ಹೆಡ್‌ಫೋನ್‌ಗೆ ಹೋಗುವಾಗ ಈ ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೋಲಿಕೆಗೆ, 10 ಮಿಲಿಸೆಕೆಂಡ್‌ನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 3.4 ಮೀಟರ್ ಸಾಗುತ್ತದೆ.

ಹಾಗೆಂದು ಬಫರ್ ತೀರಾ ಇಳಿಸಬಾರದು. ಪ್ರೊಸೆಸರ್ ಸಮಯಕ್ಕೆ ಕಂತು ತುಂಬಿಸದಿದ್ದರೆ ಧ್ವನಿ ಕಡಿದು ಚಟಪಟ ಸದ್ದು ಬರುತ್ತದೆ. ಇದೇ 'ಎಕ್ಸ್‌ರನ್'. ಪಿಡಬ್ಲ್ಯು-ಟಾಪ್ ಕಮಾಂಡ್‌ನ ದೋಷದ ಕಾಲಂನಲ್ಲಿ ಸಂಖ್ಯೆ ಏರುತ್ತಿದ್ದರೆ ಬಫರ್ ಹೆಚ್ಚಿಸಿ. ಹಾಡು ಕೇಳಲು, ಸಿನಿಮಾ ನೋಡಲು 1024 ಸಾಕು. ರೆಕಾರ್ಡಿಂಗ್‌ಗೆ 256ರಿಂದ ಶುರು ಮಾಡಿ, ಚಟಪಟ ಸದ್ದಿಲ್ಲದಿದ್ದರೆ ಮಾತ್ರ 128ಕ್ಕೆ ಇಳಿಸಿ. ಪವರ್ ಮೋಡ್ ಅನ್ನು 'ಪರ್ಫಾರ್ಮೆನ್ಸ್'ಗೆ ಬದಲಿಸಿ, ಚಾರ್ಜರ್ ಹಾಕಿಕೊಂಡೇ ರೆಕಾರ್ಡ್ ಮಾಡಿ. 2024ರ ನವೆಂಬರ್‌ನಲ್ಲಿ ಬಂದ ಲಿನಕ್ಸ್ 6.12ರಲ್ಲಿ ರಿಯಲ್‌ಟೈಮ್ ಸೌಲಭ್ಯ ಮುಖ್ಯ ಕರ್ನಲ್‌ಗೇ ಸೇರಿದೆ. ಮನೆಬಳಕೆಯ ರೆಕಾರ್ಡಿಂಗ್‌ಗೆ ಅದು ಸಾಮಾನ್ಯವಾಗಿ ಬೇಕಾಗದು.

ಬಫರ್‌ನಿಂದ ಆಗದ್ದು

ಬ್ಲೂಟೂತ್ ಹೆಡ್‌ಫೋನ್‌ನ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಮೀರುತ್ತದೆ. ಅದಕ್ಕೆ ಬಫರ್ ಇಳಿಸಿ ಪ್ರಯೋಜನವಿಲ್ಲ, ವೈರ್ ಇರುವ ಹೆಡ್‌ಫೋನ್ ಬಳಸಿ. ಆನ್‌ಲೈನ್ ತರಗತಿಯಲ್ಲಿ ಇಂಟರ್‌ನೆಟ್‌ನ ತಡವೂ ಸೇರುವುದರಿಂದ ಗುರು-ಶಿಷ್ಯರು ಒಟ್ಟಿಗೆ ತಾಳ ಹಿಡಿದು ಹಾಡುವುದು ಕಷ್ಟ. ತಂಬೂರ, ತಬಲಾ ಆ್ಯಪ್ ಅನ್ನು ಶಿಷ್ಯರ ಕಡೆಯಲ್ಲೇ ಹಾಕಿಕೊಂಡರೆ ಗುರುಗಳಿಗೆ ಹಾಡು ಮತ್ತು ತಾಳ ಒಟ್ಟಿಗೇ ಕೇಳಿಸುತ್ತವೆ. ವಿಡಿಯೊ ಕರೆಯ ಆ್ಯಪ್‌ನಲ್ಲಿ ಗದ್ದಲ ತಗ್ಗಿಸುವ ಆಯ್ಕೆಯನ್ನೂ ಆಫ್ ಮಾಡಿ. ಇಲ್ಲದಿದ್ದರೆ ತಂಬೂರದ ನಾದವನ್ನೇ ಅದು ಗದ್ದಲವೆಂದು ಅಳಿಸಿಹಾಕಬಹುದು.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಹಳೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವುದು ಸುಲಭ.