ಗಡಿ ದಾಟದ ಪರದೇಶ

ಸ್ಪೇನ್‌ನಂಥ ಪರದೇಶಕ್ಕೆ ಹೋಗಿ ಓದುವವರಿಗೆ ಅಂಗಡಿಯವನ ಮಾತು ಮೊದಲ ಸಲ ಅರ್ಥವಾದಾಗ ಆಗುವ ಹಿಗ್ಗು ಗಂಗಾವತಿ ಸೀಮೆಗೆ ಹೊಸದಲ್ಲ. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಆಗ ಪಾಠದ ಮಾಧ್ಯಮ ಉರ್ದು. ಅಲ್ಲಿ ಸೇರಿದ ಕನ್ನಡದ ಹುಡುಗ ಬಲದಿಂದ ಎಡಕ್ಕೆ ಓದಬೇಕಿತ್ತು. ಸಂಸ್ಥಾನ ಒಂದೇ ಆಗಿರುವಾಗ ಹೈದರಾಬಾದು ಪರದೇಶ ಹೇಗಾದೀತು ಎಂದು ಕೇಳಬಹುದು. ಊಟ, ಲಿಪಿ, ಮಾತು ಮೂರೂ ಬದಲಾದಲ್ಲಿ ಓದುವವನ ಮಟ್ಟಿಗೆ ಅದು ಪರದೇಶವೇ. ಕನ್ನಡಕ್ಕೆ ತಕ್ಕ ಜಾಗ ಕೊಡದ ವ್ಯವಸ್ಥೆಯಲ್ಲಿ ಸಂತೋಷ ಹುಡುಕುವುದು ಅನ್ಯಾಯವನ್ನು ಮರೆಸಿದಂತೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅನ್ಯಾಯ ದಿಟ. ಆದರೆ ಆ ಊರಿನ ಇರಾನಿ ಚಹಾದಂಗಡಿಯ ಹರಟೆ, ಅಲ್ಲಿ ಬೆಳೆದ ಗೆಳೆತನ ಸರ್ಕಾರದ ಕೊಡುಗೆಯಲ್ಲ, ವಿದ್ಯಾರ್ಥಿಗಳೇ ಗಳಿಸಿಕೊಂಡದ್ದು. ಮುಂದೆ ಇದೇ ಅನುಭವ ತಿರುಗುಮುರುಗಾಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಆಂಧ್ರದ ರೈತರು ಗಂಗಾವತಿ ಸೀಮೆಗೆ ಬಂದು ಶ್ರೀರಾಮನಗರದಂಥ ಕ್ಯಾಂಪುಗಳಲ್ಲಿ ನೆಲೆಸಿದರು. ಆಗ ಅವರ ತೆಲುಗು ಮಕ್ಕಳಿಗೆ ಕನ್ನಡವೇ ಹೊಸ ನಾಡಿನ ಮಾತಾಯಿತು.