ಪೆಸ್ಟೊ

ಪೆಸ್ಟೊ ಎಂಬುದು ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯಾ ಪ್ರಾಂತ್ಯದಲ್ಲಿ, ಮುಖ್ಯವಾಗಿ ಅದರ ರಾಜಧಾನಿ ಜಿನೋವಾ ನಗರದಲ್ಲಿ ರೂಪುಗೊಂಡ ಒಂದು ಹಸಿ ಸಾಸ್. ಬೇಸಿಲ್ ಸೊಪ್ಪು, ಪೈನ್ ಬೀಜ, ಬೆಳ್ಳುಳ್ಳಿ, ಕಲ್ಲುಪ್ಪು, ಹಳೆಯದಾಗಿಸಿದ ಗಟ್ಟಿ ಚೀಸ್ ಮತ್ತು ಆಲಿವ್ ಎಣ್ಣೆಗಳನ್ನು ಒರಳಿನಲ್ಲಿ ಅರೆದು ಇದನ್ನು ಸಿದ್ಧಪಡಿಸುತ್ತಾರೆ. ಬೇಯಿಸಿದ ಪಾಸ್ತಾದೊಂದಿಗೆ ಕಲಸಿ ತಿನ್ನುವುದು ಇದರ ಪ್ರಮುಖ ಬಳಕೆ. ಪಾಸ್ತಾಕ್ಕೆ ಬೆರೆಸುವ ಇತರ ಅನೇಕ ಸಾಸ್‌ಗಳಂತೆ ಇದನ್ನು ಒಲೆಯ ಮೇಲೆ ಕುದಿಸುವುದಿಲ್ಲ. ಇದರ ಬಣ್ಣ, ಪರಿಮಳ, ತಯಾರಿಕೆಯ ಕ್ರಮ ಮತ್ತು ಸಂಗ್ರಹಣೆಯಲ್ಲಿ ವಹಿಸಬೇಕಾದ ಎಚ್ಚರ ಇವೆಲ್ಲವೂ ಈ ಒಂದು ಗುಣವನ್ನೇ ಅವಲಂಬಿಸಿವೆ. ಜಿನೋವಾದ ಮೂಲ ರೂಪವನ್ನು ಇತರ ಬಗೆಗಳಿಂದ ಪ್ರತ್ಯೇಕಿಸಲು 'ಪೆಸ್ಟೊ ಅಲ್ಲಾ ಜೆನೊವೇಸೆ' ಎಂದು ಕರೆಯುತ್ತಾರೆ.

ಹೆಸರಿನ ಮೂಲ

ಕುಟ್ಟು, ಜಜ್ಜು ಎಂಬ ಅರ್ಥದ ಇಟಾಲಿಯನ್ ಕ್ರಿಯಾಪದ 'ಪೆಸ್ತಾರೆ' ಮತ್ತು ಅದರ ಜಿನೋವಾ ನುಡಿಯ ರೂಪ 'ಪೆಸ್ತಾ'ದಿಂದ ಈ ಹೆಸರು ಬಂದಿದೆ. ಹೀಗಾಗಿ 'ಪೆಸ್ಟೊ' ಎಂದರೆ 'ಕುಟ್ಟಿದ್ದು' ಎಂದಷ್ಟೇ ಅರ್ಥ. ಹೆಸರು ಪದಾರ್ಥವನ್ನು ಸೂಚಿಸದೆ ವಿಧಾನವನ್ನು ಸೂಚಿಸುವುದರಿಂದ, ಬೇಸಿಲ್ ಇಲ್ಲದ, ಬೇರೆ ಸೊಪ್ಪು ಮತ್ತು ಬೀಜಗಳಿಂದ ಅರೆದ ಸಾಸ್‌ಗಳಿಗೂ ಇದೇ ಹೆಸರು ಬಳಕೆಗೆ ಬಂದಿದೆ.

ಇತಿಹಾಸ

ಸೊಪ್ಪು, ಬೆಳ್ಳುಳ್ಳಿ ಮತ್ತು ಚೀಸ್‌ಗಳನ್ನು ಒಟ್ಟಿಗೆ ಅರೆಯುವ ಪದ್ಧತಿ ಮೆಡಿಟರೇನಿಯನ್ ಪ್ರದೇಶದಲ್ಲಿ ಬಹಳ ಹಳೆಯದು. ಒಂದು ಕಾಲದಲ್ಲಿ ವರ್ಜಿಲ್ ಕವಿಯದೆಂದು ಭಾವಿಸಲಾಗಿದ್ದ 'ಮೊರೆತುಮ್' ಎಂಬ ಲ್ಯಾಟಿನ್ ಕವನದಲ್ಲಿ, ರೈತನೊಬ್ಬ ಬೆಳ್ಳುಳ್ಳಿ, ಉಪ್ಪು, ಚೀಸ್ ಮತ್ತು ಹಸಿರು ಸೊಪ್ಪುಗಳನ್ನು ಒರಳಿನಲ್ಲಿ ಅರೆದು, ಎಣ್ಣೆ ಮತ್ತು ವಿನಿಗರ್ ಬೆರೆಸಿ ಮುದ್ದೆ ಮಾಡುವ ಬಗೆಯನ್ನು ವಿವರಿಸಲಾಗಿದೆ. ಅದರಲ್ಲಿ ಬೇಸಿಲ್ ಆಗಲಿ ಪೈನ್ ಬೀಜವಾಗಲಿ ಇಲ್ಲ. ಮಧ್ಯಯುಗದ ಜಿನೋವಾದಲ್ಲಿ ಬೆಳ್ಳುಳ್ಳಿ ಮತ್ತು ಅಕ್ರೋಟುಗಳನ್ನು ಅರೆದು ಮಾಡುವ 'ಅಲ್ಯಾತಾ' ಎಂಬ ಸಾಸ್ ಬಳಕೆಯಲ್ಲಿತ್ತು. ಇವೆರಡನ್ನೂ ಪೆಸ್ಟೊವಿನ ಪೂರ್ವರೂಪಗಳೆಂದು ಪರಿಗಣಿಸಲಾಗುತ್ತದೆ.

ಇಂದಿನ ಪೆಸ್ಟೊವನ್ನು ಹೋಲುವ ಲಿಖಿತ ವಿಧಾನಗಳು 19ನೆಯ ಶತಮಾನದ ಮಧ್ಯಭಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಜೊವಾನಿ ಬಟಿಸ್ಟಾ ರಾಟ್ಟೊ 1863ರಲ್ಲಿ ಪ್ರಕಟಿಸಿದ 'ಲಾ ಕುಚಿನಿಯೆರಾ ಜೆನೊವೇಸೆ' ಎಂಬ ಅಡುಗೆ ಪುಸ್ತಕದಲ್ಲಿ ಬೆಳ್ಳುಳ್ಳಿ, ಬೇಸಿಲ್, ಪೈನ್ ಬೀಜ ಮತ್ತು ತುರಿದ ಚೀಸ್‌ಗಳನ್ನು ಒರಳಿನಲ್ಲಿ ಅರೆಯುವ ಕ್ರಮವಿದೆ. ಬೇಸಿಲ್ ಸಿಗದಿದ್ದರೆ ಮರುಗ ಮತ್ತು ಪಾರ್ಸ್ಲಿ ಬಳಸಬಹುದೆಂದು ಅದು ಸೂಚಿಸುತ್ತದೆ. ಪಾರ್ಮೆಸಾನ್ ಜೊತೆಗೆ ಡಚ್ ಚೀಸ್ ಅನ್ನೂ ಸ್ವಲ್ಪ ಬೆಣ್ಣೆಯನ್ನೂ ಹೇಳುತ್ತದೆ. ಇಂದು ಅಚಲವೆಂದು ತೋರುವ ಪಾಕವೂ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ ಎಂಬುದಕ್ಕೆ ಇದು ನಿದರ್ಶನ. ಪೆಸ್ಟೊದಲ್ಲಿ ಸಾರ್ಡೀನಿಯಾ ದ್ವೀಪದ ಕುರಿಹಾಲಿನ ಚೀಸ್ ಸೇರಿರುವುದು, ಬಂದರು ನಗರವಾದ ಜಿನೋವಾಕ್ಕೂ ಆ ದ್ವೀಪಕ್ಕೂ ಇದ್ದ ದೀರ್ಘಕಾಲದ ಕಡಲ ವ್ಯಾಪಾರದ ಗುರುತು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1946ರಲ್ಲಿ 'ಸನ್‌ಸೆಟ್' ಪತ್ರಿಕೆ ಆಂಜೆಲೊ ಪೆಲೆಗ್ರೀನಿ ಅವರ ಪೆಸ್ಟೊ ವಿಧಾನವನ್ನು ಪ್ರಕಟಿಸಿತು. ಆದರೆ ಇಟಲಿಯ ಹೊರಗೆ ಇದು ವ್ಯಾಪಕವಾಗಿ ಜನಪ್ರಿಯವಾದದ್ದು 1980ರ ದಶಕದಿಂದ ಈಚೆಗೆ.

ಪದಾರ್ಥಗಳು

ಬೇಸಿಲ್: ಇದರ ಸಸ್ಯಶಾಸ್ತ್ರೀಯ ಹೆಸರು ಆಸಿಮಮ್ ಬೆಸಿಲಿಕಮ್. ಕರ್ನಾಟಕದಲ್ಲಿ ಕಾಮಕಸ್ತೂರಿ ಎಂದು ಕರೆಯುವ ಗಿಡವೂ ಇದೇ ಪ್ರಭೇದದ್ದು, ಆದರೆ ತಳಿ ಬೇರೆ. ಜಿನೋವಾ ತಳಿಯ ಎಲೆಗಳು ಚಿಕ್ಕವಾಗಿದ್ದು ಉಬ್ಬಿರುತ್ತವೆ. ಅವುಗಳ ಪರಿಮಳ ಸೌಮ್ಯ, ಪುದೀನದ ವಾಸನೆ ಇರಬಾರದು. ಹೂ ಬಿಡುವ ಮೊದಲೇ ಎಳೆಯ ಗಿಡಗಳನ್ನು ಬೇರುಸಹಿತ ಕಿತ್ತು ಕಟ್ಟುಗಳಾಗಿ ಮಾರುತ್ತಾರೆ. ಜಿನೋವಾದ ಪಶ್ಚಿಮ ಭಾಗದ ಪ್ರಾ ಎಂಬ ಬಡಾವಣೆಯ ಹಸಿರುಮನೆಗಳು ಈ ಬೆಳೆಗೆ ಪ್ರಸಿದ್ಧವಾಗಿವೆ. 'ಬಸೀಲಿಕೊ ಜೆನೊವೇಸೆ'ಗೆ ಐರೋಪ್ಯ ಒಕ್ಕೂಟದ ಮೂಲಸ್ಥಾನ ಸಂರಕ್ಷಣೆ 2005ರಲ್ಲಿ ದೊರೆಯಿತು.

ಪೈನ್ ಬೀಜ: ಮೆಡಿಟರೇನಿಯನ್ ತೀರದ ಪೈನಸ್ ಪೀನಿಯಾ ಮರದ ಬೀಜಗಳನ್ನು ಶ್ರೇಷ್ಠವೆಂದು ಭಾವಿಸುತ್ತಾರೆ. ಇವು ಸಾಸ್‌ಗೆ ಕೆನೆಯಂತಹ ನುಣುಪನ್ನು ಕೊಡುತ್ತವೆ. ಜಿನೋವಾದಲ್ಲಿ ಇವನ್ನು ಸಾಮಾನ್ಯವಾಗಿ ಹಸಿಯಾಗಿಯೇ ಬಳಸುತ್ತಾರೆ. ಇತರೆಡೆ ಲಘುವಾಗಿ ಹುರಿದು ಹಾಕುವುದುಂಟು.

ಚೀಸ್: ಹಸುವಿನ ಹಾಲಿನ ಪಾರ್ಮಿಜಾನೊ ರೆಜ್ಜಾನೊ ಮತ್ತು ಕುರಿಹಾಲಿನ ಪೆಕೊರೀನೊ, ವಿಶೇಷವಾಗಿ ಸಾರ್ಡೀನಿಯಾದ ಫಿಯೋರೆ ಸಾರ್ಡೊ, ಇವೆರಡನ್ನೂ ಬೆರೆಸುತ್ತಾರೆ. ಮೊದಲನೆಯದು ಸವಿಯನ್ನೂ ಎರಡನೆಯದು ಖಾರವಾದ ಉಪ್ಪುರುಚಿಯನ್ನೂ ನೀಡುತ್ತದೆ.

ಬೆಳ್ಳುಳ್ಳಿ, ಉಪ್ಪು, ಎಣ್ಣೆ: ಬೆಳ್ಳುಳ್ಳಿ ಹಸಿಯಾಗಿಯೇ ಉಳಿಯುವುದರಿಂದ ಅದರ ಪ್ರಮಾಣ ಕಡಿಮೆ ಇರಬೇಕು. ಕಲ್ಲುಪ್ಪು ರುಚಿಗಷ್ಟೇ ಅಲ್ಲದೆ, ಎಲೆಗಳನ್ನು ತರಿದು ನುಣ್ಣಗಾಗಿಸಲೂ ನೆರವಾಗುತ್ತದೆ. ಲಿಗೂರಿಯಾದ ಆಲಿವ್ ಎಣ್ಣೆ ಸೌಮ್ಯ ರುಚಿಯದಾದ್ದರಿಂದ ಬೇಸಿಲ್‌ನ ಪರಿಮಳವನ್ನು ಮರೆಮಾಡುವುದಿಲ್ಲ.

ತಯಾರಿಸುವ ವಿಧಾನ

ನಾಲ್ಕು ಜನರಿಗೆ ಬೇಕಾಗುವ 400 ಗ್ರಾಂ ಪಾಸ್ತಾಕ್ಕೆ ಸುಮಾರು ಈ ಪ್ರಮಾಣದ ಪೆಸ್ಟೊ ಸಾಕಾಗುತ್ತದೆ:

- ಬಿಡಿಸಿದ ಬೇಸಿಲ್ ಎಲೆ: 60 ಗ್ರಾಂ
- ಪೈನ್ ಬೀಜ: 30 ಗ್ರಾಂ
- ತುರಿದ ಪಾರ್ಮಿಜಾನೊ: 50 ಗ್ರಾಂ
- ತುರಿದ ಪೆಕೊರೀನೊ: 25 ಗ್ರಾಂ
- ಬೆಳ್ಳುಳ್ಳಿ: 1 ಅಥವಾ 2 ಎಸಳು
- ಕಲ್ಲುಪ್ಪು: ಒಂದು ದೊಡ್ಡ ಚಿಟಿಕೆ
- ಆಲಿವ್ ಎಣ್ಣೆ: 70ರಿಂದ 80 ಮಿಲಿಲೀಟರ್

ಸಾಂಪ್ರದಾಯಿಕ ಸಲಕರಣೆ ಅಮೃತಶಿಲೆಯ ಒರಳು ಮತ್ತು ಮರದ ಕಿರು ಒನಕೆ. ಎಲೆಗಳನ್ನು ತಣ್ಣೀರಿನಲ್ಲಿ ತೊಳೆದು, ಹಿಸುಕದೆ, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ಮೊದಲು ಬೆಳ್ಳುಳ್ಳಿಯನ್ನು ಉಪ್ಪಿನೊಂದಿಗೆ ನುಣ್ಣಗೆ ಅರೆದು, ಪೈನ್ ಬೀಜ ಸೇರಿಸಿ ಮತ್ತೆ ಅರೆಯುತ್ತಾರೆ. ಅನಂತರ ಎಲೆಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಮೇಲಿನಿಂದ ಬಲವಾಗಿ ಕುಟ್ಟುವುದಕ್ಕಿಂತ ಒರಳಿನ ಗೋಡೆಗೆ ಒತ್ತಿ ತಿರುಗಿಸುತ್ತ ಅರೆಯುತ್ತಾರೆ. ಗಾಢ ಹಸಿರು ರಸ ಬಿಟ್ಟ ಮೇಲೆ ಎರಡೂ ಚೀಸ್‌ಗಳನ್ನು ಬೆರೆಸಿ, ಕೊನೆಯಲ್ಲಿ ಎಣ್ಣೆಯನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಕಲಸುತ್ತಾರೆ. ಗಾಳಿಯ ಸಂಪರ್ಕ ಹೆಚ್ಚಿದಷ್ಟೂ ಎಲೆ ಕಪ್ಪಾಗುವುದರಿಂದ ಕೆಲಸವನ್ನು ತಡೆಯಿಲ್ಲದೆ ಮುಗಿಸಬೇಕು.

ಮಿಕ್ಸಿಯಲ್ಲಿಯೂ ಪೆಸ್ಟೊ ಮಾಡಬಹುದು. ಒರಳು ಎಲೆಯನ್ನು ಜಜ್ಜಿ ಅದರ ಸುಗಂಧ ತೈಲವನ್ನು ಹೊರಗೆಡಹುತ್ತದೆ. ಮಿಕ್ಸಿಯ ಬ್ಲೇಡು ಎಲೆಯನ್ನು ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ, ಜೊತೆಗೆ ಬಿಸಿಯನ್ನೂ ಗಾಳಿಯನ್ನೂ ಸೇರಿಸುತ್ತದೆ. ಆದ್ದರಿಂದ ಜಾರ್ ಮತ್ತು ಬ್ಲೇಡನ್ನು ಮೊದಲೇ ಫ್ರಿಜ್‌ನಲ್ಲಿಟ್ಟು ತಂಪಾಗಿಸಿ, ಬಿಟ್ಟುಬಿಟ್ಟು ಕೆಲವೇ ಕ್ಷಣಗಳ ಕಾಲ ತಿರುಗಿಸಿ, ಚೀಸ್ ಅನ್ನು ಕೊನೆಗೆ ಕೈಯಿಂದ ಬೆರೆಸುವುದು ಉತ್ತಮ.

ಬಣ್ಣ ಕಪ್ಪಾಗಲು ಕಾರಣ

ಎಲೆಯ ಜೀವಕೋಶಗಳು ಒಡೆದಾಗ ಅವುಗಳೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಆಮ್ಲಜನಕದ ನೆರವಿನಿಂದ ಫಿನಾಲ್ ಸಂಯುಕ್ತಗಳನ್ನು ಕಂದು ವರ್ಣದ್ರವ್ಯಗಳಾಗಿ ಮಾರ್ಪಡಿಸುತ್ತದೆ. ಕತ್ತರಿಸಿದ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಎಲೆಗಳನ್ನು ಕುದಿಯುವ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿದರೆ ಕಿಣ್ವ ನಿಷ್ಕ್ರಿಯವಾಗಿ ಹಸಿರು ಉಳಿಯುತ್ತದೆ. ಆದರೆ ಹಸಿ ಪರಿಮಳದ ಒಂದು ಭಾಗ ನಷ್ಟವಾಗುತ್ತದೆ. ಬೇಸಿಲ್ ಉಷ್ಣವಲಯ ಮೂಲದ ಸಸ್ಯವಾದ್ದರಿಂದ ಕಿತ್ತ ಸೊಪ್ಪು ಫ್ರಿಜ್‌ನ ತಣ್ಪಿನಲ್ಲಿಯೂ ಕಪ್ಪಾಗುತ್ತದೆ. ಬಳಸುವವರೆಗೆ ಕಾಂಡಗಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿ ಹೊರಗಿಡುವುದೇ ಲೇಸು.

ಪಾಸ್ತಾದೊಂದಿಗೆ ಬಳಕೆ

ಲಿಗೂರಿಯಾದಲ್ಲಿ ಪೆಸ್ಟೊಗೆ ಜೊತೆಯಾಗುವ ಪಾಸ್ತಾಗಳಲ್ಲಿ ಹುರಿಗೊಳಿಸಿದ ಚಿಕ್ಕ ಎಳೆಗಳಂತಹ ತ್ರೋಫಿಯೆ, ಚಪ್ಪಟೆ ಎಳೆಗಳ ತ್ರೆನೆತ್ತೆ ಮತ್ತು 'ರೇಷ್ಮೆಯ ಕರವಸ್ತ್ರ' ಎಂಬ ಅರ್ಥದ ಹೆಸರುಳ್ಳ ತೆಳುಹಾಳೆಯ ಲಸಾನ್ಯೆ ಮುಖ್ಯವಾದವು. ತ್ರೆನೆತ್ತೆ ಅಥವಾ ತ್ರೋಫಿಯೆಯನ್ನು ಆಲೂಗಡ್ಡೆ ಮತ್ತು ಬೀನ್ಸ್‌ನೊಂದಿಗೆ ಒಂದೇ ಪಾತ್ರೆಯಲ್ಲಿ ಬೇಯಿಸುವುದು ಪ್ರಸಿದ್ಧ ಕ್ರಮ.

100 ಗ್ರಾಂ ಪಾಸ್ತಾಕ್ಕೆ ಸುಮಾರು 1 ಲೀಟರ್ ನೀರು ಮತ್ತು 10 ಗ್ರಾಂ ಉಪ್ಪು ಎಂಬುದು ಇಟಲಿಯ ರೂಢಿಯ ಲೆಕ್ಕ. ನೀರು ಕುದಿಯತೊಡಗಿದಾಗ ಮೊದಲು ಆಲೂಗಡ್ಡೆಯ ಹೋಳುಗಳನ್ನೂ ಬೀನ್ಸ್ ಅನ್ನೂ ಹಾಕಿ, ಅವು ಅರೆಬೆಂದ ಮೇಲೆ ಪಾಸ್ತಾ ಸೇರಿಸಿ, ಮೂರೂ ಒಟ್ಟಿಗೆ ಹದಕ್ಕೆ ಬರುವಂತೆ ನೋಡಿಕೊಳ್ಳುತ್ತಾರೆ. ಬಸಿಯುವ ಮುನ್ನ ಒಂದು ಲೋಟ ಬೇಯಿಸಿದ ನೀರನ್ನು ತೆಗೆದಿಡಬೇಕು. ಪಾಸ್ತಾದಿಂದ ಬಿಟ್ಟ ಪಿಷ್ಟ ಆ ನೀರಿನಲ್ಲಿರುವುದರಿಂದ, ಅದರ ಒಂದೆರಡು ಚಮಚ ಬೆರೆಸಿದರೆ ಎಣ್ಣೆ ಬೇರ್ಪಡದೆ ಸಾಸ್ ಪ್ರತಿ ಎಳೆಗೂ ಸಮನಾಗಿ ಹತ್ತುತ್ತದೆ.

ಪೆಸ್ಟೊ ಮತ್ತು ಪಾಸ್ತಾಗಳನ್ನು ಉರಿಯಿಂದ ಇಳಿಸಿದ ಪಾತ್ರೆಯಲ್ಲಿ ಕಲಸಬೇಕು. ಪಾಸ್ತಾದ ಬಿಸಿಯೇ ಸಾಕು. ಒಲೆಯ ಮೇಲೆ ಕಾಯಿಸಿದರೆ ಸೊಪ್ಪಿನ ಬಣ್ಣ ಮಾಸುತ್ತದೆ, ಪರಿಮಳ ಆವಿಯಾಗುತ್ತದೆ, ಚೀಸ್ ಗಂಟುಕಟ್ಟುತ್ತದೆ. ಜಿನೋವಾ ಶೈಲಿಯ ತರಕಾರಿ ಸಾರಾದ ಮಿನೆಸ್ತ್ರೋನೆಗೂ ಬಡಿಸುವ ಮುನ್ನ ಒಂದು ಚಮಚ ಪೆಸ್ಟೊ ಬೆರೆಸುತ್ತಾರೆ.

ಬಗೆಗಳು

ಪಿಸ್ತೂ: ಫ್ರಾನ್ಸಿನ ಪ್ರೊವಾನ್ಸ್ ಪ್ರದೇಶದ್ದು. ಬೇಸಿಲ್, ಬೆಳ್ಳುಳ್ಳಿ ಮತ್ತು ಆಲಿವ್ ಎಣ್ಣೆಯಿಂದ ಮಾಡುವ ಇದರಲ್ಲಿ ಬೀಜಗಳಿರುವುದಿಲ್ಲ. ತರಕಾರಿ ಸೂಪಿಗೆ ಬೆರೆಸುತ್ತಾರೆ.

ಪೆಸ್ಟೊ ಅಲ್ಲಾ ತ್ರಾಪಾನೆಸೆ: ಸಿಸಿಲಿಯ ತ್ರಾಪಾನಿ ಬಂದರಿನದು. ಬಾದಾಮಿ, ಟೊಮೇಟೊ, ಬೆಳ್ಳುಳ್ಳಿ ಮತ್ತು ಬೇಸಿಲ್ ಇದರಲ್ಲಿವೆ. ಪೂರ್ವದೇಶಗಳಿಂದ ಮರಳುವಾಗ ಅಲ್ಲಿ ತಂಗುತ್ತಿದ್ದ ಜಿನೋವಾದ ನಾವಿಕರಿಂದ ಈ ಪದ್ಧತಿ ಬಂತೆಂಬ ಪ್ರತೀತಿಯಿದೆ.

ಸಾಲ್ಸಾ ದಿ ನೋಚಿ: ಲಿಗೂರಿಯಾದ್ದೇ ಆದ ಅಕ್ರೋಟಿನ ಬಿಳಿ ಸಾಸ್. ಕಾಡುಸೊಪ್ಪು ತುಂಬಿದ ಪಾನ್ಸೋತಿ ಎಂಬ ಪಾಸ್ತಾದೊಂದಿಗೆ ಬಡಿಸುತ್ತಾರೆ.

ಪೆಸ್ಟೊ ರೊಸ್ಸೊ: ಒಣಗಿಸಿದ ಟೊಮೇಟೊ ಸೇರಿಸಿದ ಕೆಂಪು ಬಗೆ.

ಪೈನ್ ಬೀಜ ದುಬಾರಿಯಾದ್ದರಿಂದ ಕಾರ್ಖಾನೆಗಳಲ್ಲಿ ತಯಾರಾಗುವ ಶೀಷೆಯ ಪೆಸ್ಟೊಗಳಲ್ಲಿ ಅನೇಕವು ಗೋಡಂಬಿಯನ್ನೂ, ಆಲಿವ್ ಎಣ್ಣೆಯ ಜೊತೆಗೆ ಸೂರ್ಯಕಾಂತಿ ಎಣ್ಣೆಯನ್ನೂ ಬಳಸುತ್ತವೆ.

ಭಾರತದಲ್ಲಿ ಪದಾರ್ಥಗಳ ಆಯ್ಕೆ

ಭಾರತದ ನಗರಗಳ ಮಾರುಕಟ್ಟೆಗಳಲ್ಲಿ 'ಇಟಾಲಿಯನ್ ಬೇಸಿಲ್' ಎಂಬ ಹೆಸರಿನಲ್ಲಿ ಸೊಪ್ಪು ದೊರೆಯುತ್ತದೆ. ಕಾಮಕಸ್ತೂರಿಯನ್ನು ಇಲ್ಲಿ ಮುಖ್ಯವಾಗಿ ಪರಿಮಳದ ಎಲೆಗಾಗಿ ಮತ್ತು ಪಾನಕಗಳಲ್ಲಿ ನೆನೆಹಾಕುವ ಬೀಜಕ್ಕಾಗಿ ಬೆಳೆಸುತ್ತಾರೆ. ಅದರ ಘಾಟು ಜಿನೋವಾ ತಳಿಗಿಂತ ತೀಕ್ಷ್ಣ. ತುಳಸಿ ಬೇರೆಯೇ ಪ್ರಭೇದವಾಗಿದ್ದು, ಲವಂಗವನ್ನು ನೆನಪಿಸುವ ಅದರ ಕಾರ ಪೆಸ್ಟೊಗೆ ಹೊಂದುವುದಿಲ್ಲ. ಪೈನ್ ಬೀಜದ ಭಾರತೀಯ ಬಗೆ ಹಿಮಾಚಲ ಪ್ರದೇಶದ ಕಿನ್ನೌರ್‌ನಲ್ಲಿ ದೊರೆಯುವ ಚಿಲ್ಗೋಜಾ. ಅದು ದುಬಾರಿಯಾದ್ದರಿಂದ ಮನೆಗಳಲ್ಲಿ ಗೋಡಂಬಿ, ಬಾದಾಮಿ ಅಥವಾ ಅಕ್ರೋಟು ಬಳಸುವುದು ಸಾಮಾನ್ಯ. ಅಕ್ರೋಟಿನ ಸಿಪ್ಪೆಯಲ್ಲಿ ಕಹಿಯಿರುವುದರಿಂದ ಬಿಸಿನೀರಿನಲ್ಲಿ ನೆನೆಸಿ ಸುಲಿದು ಹಾಕಬಹುದು.

ಸಸ್ಯಾಹಾರಿಗಳು ಚೀಸ್ ಬಗ್ಗೆ ಗಮನ ಹರಿಸಬೇಕಾಗುತ್ತದೆ. ಪಾರ್ಮಿಜಾನೊ ರೆಜ್ಜಾನೊ ತಯಾರಿಕೆಗೆ ಕರುವಿನ ಹೊಟ್ಟೆಯಿಂದ ಪಡೆದ ರೆನೆಟ್ ಕಡ್ಡಾಯ. ಫಿಯೋರೆ ಸಾರ್ಡೊಗೆ ಕುರಿ ಅಥವಾ ಆಡಿನ ಮರಿಯ ರೆನೆಟ್ ಬಳಸುತ್ತಾರೆ. ಹಾಲಿನ ಉತ್ಪನ್ನವೆಂಬ ಕಾರಣಕ್ಕೆ ಇವನ್ನು ಸಸ್ಯಾಹಾರವೆಂದು ಎಣಿಸಲಾಗದು. ಭಾರತದಲ್ಲಿ ತಯಾರಾಗುವ ಅನೇಕ ಚೀಸ್‌ಗಳಲ್ಲಿ ಸೂಕ್ಷ್ಮಾಣುಗಳಿಂದ ಪಡೆದ ರೆನೆಟ್ ಇರುತ್ತದೆ. ಅಂಥವುಗಳ ಪೊಟ್ಟಣದ ಮೇಲೆ ಹಸಿರು ಚಿಹ್ನೆಯಿರುತ್ತದೆ.

ಸಂಗ್ರಹಣೆ ಮತ್ತು ಸುರಕ್ಷತೆ

ಮನೆಯಲ್ಲಿ ಮಾಡಿದ ಪೆಸ್ಟೊವನ್ನು ಹೊರಗಿನ ಉಷ್ಣತೆಯಲ್ಲಿ ಇಡಬಾರದು. ಬೆಳ್ಳುಳ್ಳಿ ಮತ್ತು ಸೊಪ್ಪಿನ ಮೇಲೆ ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಆಮ್ಲೀಯತೆ ಕಡಿಮೆಯಿರುವ, ಗಾಳಿಯಾಡದ ಎಣ್ಣೆಯೊಳಗೆ ಅವು ಬೆಳೆದು ನರಗಳನ್ನು ಸ್ತಂಭನಗೊಳಿಸುವ ಮಾರಕ ವಿಷವನ್ನು ಉತ್ಪಾದಿಸಬಲ್ಲವು. ಆಹಾರದ ವಾಸನೆಯಿಂದಾಗಲಿ ರುಚಿಯಿಂದಾಗಲಿ ಈ ವಿಷವನ್ನು ಗುರುತಿಸಲಾಗದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ, ಎಣ್ಣೆಯಲ್ಲಿ ಹಾಕಿ ಫ್ರಿಜ್‌ನ ಹೊರಗೆ ಇಟ್ಟಿದ್ದ ಹೆಚ್ಚಿದ ಬೆಳ್ಳುಳ್ಳಿಯಿಂದ ಅನೇಕರು ಬಾಟ್ಯುಲಿಸಮ್‌ಗೆ ತುತ್ತಾದರು.

ಪೆಸ್ಟೊವಿನ ಮೇಲೆ ಎಣ್ಣೆಯ ಪದರ ನಿಲ್ಲಿಸುವ ರೂಢಿಯಿದೆ. ಆ ಪದರ ಬಣ್ಣವನ್ನು ಕಾಪಾಡುತ್ತದೆಯೇ ಹೊರತು ಈ ಅಪಾಯವನ್ನು ತಡೆಯುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಬಳಸಿ ಮುಗಿಸಬೇಕು. ಹೆಚ್ಚು ಕಾಲ ಬೇಕಿದ್ದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಬೇಕಾದಷ್ಟೇ ಬಿಲ್ಲೆಗಳನ್ನು ತೆಗೆದು ಬಳಸಬಹುದು. ಹೀಗೆ ಮಾಡುವಾಗ ಚೀಸ್ ಅನ್ನು ಕರಗಿದ ಮೇಲೆ ಸೇರಿಸುವುದು ವಾಡಿಕೆ. ಮನೆಯಲ್ಲಿ ಶೀಷೆಗೆ ತುಂಬಿ ಕುದಿಯುವ ನೀರಿನಲ್ಲಿಟ್ಟು ಸಂರಕ್ಷಿಸುವುದು ಸುರಕ್ಷಿತವಲ್ಲ, ಏಕೆಂದರೆ ಆ ಉಷ್ಣತೆಯಲ್ಲಿ ಈ ಬೀಜಾಣುಗಳು ಸಾಯುವುದಿಲ್ಲ.

ಬೀಜಗಳ ಅಲರ್ಜಿ ಇರುವವರು ಹಸಿರು ಸಾಸ್ ಎಂದು ಪೆಸ್ಟೊವನ್ನು ನಿರಾತಂಕವಾಗಿ ತಿನ್ನುವಂತಿಲ್ಲ. ಬೀಜಗಳ ಬದಲಿಗೆ ಕುಂಬಳ ಅಥವಾ ಸೂರ್ಯಕಾಂತಿ ಬೀಜ ಹಾಕಿದ ಬಗೆಗಳೂ ಇವೆ. ಪೈನ್ ಬೀಜ ತಿಂದ ಒಂದೆರಡು ದಿನಗಳ ಅನಂತರ ಕೆಲವರಿಗೆ ಬಾಯಲ್ಲಿ ಲೋಹದಂತಹ ಕಹಿ ಕಾಣಿಸಿಕೊಂಡು, ಹಲವು ದಿನಗಳವರೆಗೆ ಉಳಿಯುವುದುಂಟು. ಇದನ್ನು ಮುಖ್ಯವಾಗಿ ಪೈನಸ್ ಅರ್ಮಾಂಡಿ ಎಂಬ ಚೀನೀ ಪ್ರಭೇದದ ಬೀಜಗಳೊಂದಿಗೆ ಸಂಬಂಧಿಸಲಾಗಿದೆ. ಇದು ತಾನಾಗಿಯೇ ವಾಸಿಯಾಗುತ್ತದೆ.

ಸಾಂಸ್ಕೃತಿಕ ಮಹತ್ವ

ಸಂರಕ್ಷಣೆ ಇರುವುದು ಜಿನೋವಾದ ಬೇಸಿಲ್‌ಗೆ. 'ಪೆಸ್ಟೊ' ಎಂಬ ಸಾಮಾನ್ಯ ಹೆಸರನ್ನು ಯಾರು ಬೇಕಾದರೂ ಬಳಸಬಹುದು. ಕೈಯಿಂದ ಅರೆಯುವ ಪದ್ಧತಿಯನ್ನು ಉಳಿಸುವ ಉದ್ದೇಶದಿಂದ 2007ರಿಂದ ಜಿನೋವಾದ ಪಲಾಜ್ಜೊ ದುಕಾಲೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಒರಳಿನ ಪೆಸ್ಟೊ ವಿಶ್ವ ಸ್ಪರ್ಧೆ ನಡೆಯುತ್ತದೆ. ನಾನಾ ದೇಶಗಳ 100 ಸ್ಪರ್ಧಿಗಳು ಒಂದೇ ಬಗೆಯ ಪದಾರ್ಥಗಳಿಂದ, ಒರಳು ಮತ್ತು ಮರದ ಒನಕೆಯನ್ನು ಮಾತ್ರ ಬಳಸಿ ಪೆಸ್ಟೊ ಅರೆಯುತ್ತಾರೆ. ಪದಾರ್ಥ ಸಮಾನವಾಗಿರುವುದರಿಂದ ಅಲ್ಲಿ ಅರೆಯುವ ಹದವೇ ವಿಜೇತರನ್ನು ನಿರ್ಧರಿಸುತ್ತದೆ.