ಭೂಮಿಯ ಆಕಾರದ ಜಗಳ
ಮುಟ್ಟದೆಯೇ ಎಳೆಯುವ ಗುರುತ್ವ ಬಲ ಭೂಮಿಯನ್ನು ದುಂಡಗಾಗಿಸಿತು. ತನ್ನ ಸುತ್ತ ತಾನೇ ತಿರುಗುವ ವೇಗ ಅದರ ನಡುವನ್ನು ಉಬ್ಬಿಸಿತು. ಇದರ ಸುಳಿವು ಸಿಕ್ಕಿದ್ದು ಗಡಿಯಾರದಿಂದ. 1672ರಲ್ಲಿ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಫ್ರೆಂಚ್ ಖಗೋಳಜ್ಞ ಝಾನ್ ರಿಶೆಯ ಲೋಲಕದ ಗಡಿಯಾರ, ಪ್ಯಾರಿಸ್‌ನಲ್ಲಿ ಸರಿಯಿದ್ದದ್ದು, ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಲೋಲಕವನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಸಮಭಾಜಕದ ಬಳಿ ಗುರುತ್ವ ಕಡಿಮೆ ಎಂಬುದಕ್ಕೆ ಅದೇ ಸಾಕ್ಷಿ.

ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂದು 1687ರಲ್ಲಿ ನ್ಯೂಟನ್ ಲೆಕ್ಕ ಹಾಕಿದ. ಪ್ಯಾರಿಸ್‌ನ ಖಗೋಳಜ್ಞರಾದ ಕ್ಯಾಸಿನಿ ಮನೆತನದವರು ಒಪ್ಪಲಿಲ್ಲ. ಅವರ ಭೂಮಿ ನಿಂಬೆಹಣ್ಣಿನಂತೆ ಧ್ರುವಗಳತ್ತ ಚಾಚಿತ್ತು. ವಾದ ತೀರಿಸಲು 1735ರಲ್ಲಿ ಸಮಭಾಜಕದ ಬಳಿಯ ಪೆರುವಿಗೆ, 1736ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿಗೆ ತಂಡಗಳು ಹೊರಟವು. ಲ್ಯಾಪ್‌ಲ್ಯಾಂಡಿಗೆ ಹೋದ ಮೊಪರ್ಟುಯಿಯ ತಂಡ ಹೆಪ್ಪುಗಟ್ಟಿದ ನದಿಯ ಮೇಲೆ ಕೋಲುಗಳನ್ನು ಸಾಲಾಗಿ ಇಟ್ಟು ಅಳೆಯಿತು. ಅಳತೆ ಒರಟೇ, ತೀರ್ಪು ಮಾತ್ರ ಸರಿ: ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಉತ್ತರದಲ್ಲೇ ಹೆಚ್ಚು, ಅಂದರೆ ನ್ಯೂಟನ್ ಹೇಳಿದಂತೆ ಭೂಮಿ ಧ್ರುವಗಳಲ್ಲಿ ಚಪ್ಪಟೆ. ಸಮಭಾಜಕದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ ಸುಮಾರು 21 ಕಿಲೋಮೀಟರ್ ದೊಡ್ಡದು.